ಕಮಲಾಪುರದ ಹದ್ದು, ಕಲಬುರಗಿಯ ವಿಮಾನ

ಕಲಬುರಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದೆಂದರೆ ಒಂದು ರಾತ್ರಿಯ ಮಾತು. ಸಂಜೆ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿ ಕಟ್ಟಿಕೊಂಡು ಹತ್ತಿದವರು ವಾಡಿ, ಯಾದಗಿರಿ, ರಾಯಚೂರು, ಗುಂತಕಲ್ಲುಗಳನ್ನು ಅರೆನಿದ್ದೆಯಲ್ಲಿ ದಾಟಿ, ಬೆಳಗಿನ ಹೊತ್ತಿಗೆ ರಾಜಧಾನಿಯನ್ನು ಮುಟ್ಟುತ್ತಾರೆ. ೨೦೧೯ನೆಯ ನವೆಂಬರ್ ೨೨ರಂದು ಊರಿನ ಪೂರ್ವಕ್ಕಿರುವ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾಗಿ, ಬೆಂಗಳೂರಿನಿಂದ ಸ್ಟಾರ್ ಏರ್ ಸಂಸ್ಥೆಯ ಐವತ್ತು ಆಸನಗಳ ವಿಮಾನವು ಬಂದಿಳಿದಾಗ ಆ ಒಂದು ರಾತ್ರಿಯ ದಾರಿಯು ಒಂದು ಗಂಟೆಯ ಚಿಲ್ಲರೆಗೆ ಇಳಿಯಿತು. ದಶಕಕ್ಕೂ ಮೀರಿ ಕಾದಿದ್ದ ಊರು ಸಹಜವಾಗಿಯೇ ಹಿಗ್ಗಿತು. ಹಬ್ಬದ ಉಡುಪು ತೊಟ್ಟು ವಿಮಾನ ಹತ್ತಿದವರೂ, ಹತ್ತುವವರನ್ನು ನೋಡಲೆಂದೇ ಹೋದವರೂ ಉಂಟು.

ಆದರೂ ರೈಲನ್ನು ಬಿಡದ ಕೆಲವರು ಎಲ್ಲ ಊರುಗಳಲ್ಲಿರುವಂತೆ ಇಲ್ಲಿಯೂ ಇದ್ದಾರೆ. ಕಾರಣ ಕೇಳಿದರೆ ಟಿಕೆಟ್ಟಿನ ದರವೆನ್ನುತ್ತಾರೆ, ಸಾಮಾನಿನ ಭಾರವೆನ್ನುತ್ತಾರೆ, ಕಿಟಕಿಯಿಂದ ಹೊಲಗದ್ದೆಗಳನ್ನು ನೋಡುವ ಸುಖವೆನ್ನುತ್ತಾರೆ. ಇವೆಲ್ಲ ನಿಜವೇ ಇರಬಹುದು. ಅವರಲ್ಲಿ ಕೆಲವರ ಬಾಯಿಂದ ಮಾತ್ರ ಇನ್ನೊಂದು ಕಾರಣವು ಹೊರಡುವುದಿಲ್ಲ: ಎಂದೋ ಒಮ್ಮೆ, ಮಳೆಗಾಲದ ಮೋಡಗಳ ನಡುವೆ, ಕುಳಿತ ಪೀಠವು ಕೆಳಗಿನಿಂದ ಜಾರಿಹೋದಂತಾಗಿ, ಪಕ್ಕದವರು ದೇವರ ಹೆಸರನ್ನು ಕೂಗಿದ್ದು. ವಿಮಾನವೇನೋ ಸುರಕ್ಷಿತವಾಗಿ ಇಳಿಯಿತು. ಇವರ ಎದೆ ಇನ್ನೂ ಇಳಿದಿಲ್ಲ. ಗಂಡಸರು ಇದನ್ನು ಮನೆಯವರಿಂದಲೂ ಮುಚ್ಚಿಡುವುದೇ ಹೆಚ್ಚು. ಹೆಂಗಸರು ಹೇಳಿಕೊಂಡರೆ ಮನೆಯವರು ನಗುತ್ತಾರೆ.

ನಗುವ ವಿಷಯವೇನೂ ಇದಲ್ಲ. ಮಗಳು ಬೆಂಗಳೂರಿನಲ್ಲಿ ಹೆರಿಗೆಗೆ ಮಲಗಿರುತ್ತಾಳೆ. ವೃದ್ಧ ತಂದೆಯನ್ನು ಅಲ್ಲಿಯ ಆಸ್ಪತ್ರೆಯಲ್ಲಿ ಸೇರಿಸಿರುತ್ತಾರೆ. ನಡುರಾತ್ರಿ ಫೋನು ಬರುತ್ತದೆ. ಆ ಹೊತ್ತಿನಲ್ಲಿ ಹನ್ನೆರಡು ಗಂಟೆಗೂ ಒಂದು ಗಂಟೆಗೂ ಇರುವ ಅಂತರವು ಗಡಿಯಾರದ ಅಂತರವಾಗಿ ಉಳಿಯುವುದಿಲ್ಲ. ಭಯವೊಂದಕ್ಕಾಗಿ ಮುಖ್ಯವಾದುದೊಂದನ್ನು ತಪ್ಪಿಸಿಕೊಂಡವರ ಮನಸ್ಸಿನಲ್ಲಿ ಆ ನೋವು ಬಹುಕಾಲ ಉಳಿಯುತ್ತದೆ.

ಹೆದರಿದವನ ದೇಹವು ಹೇಳುವ ಸಾಕ್ಷ್ಯವು ಎಷ್ಟು ನಂಬಲರ್ಹವೆಂಬುದನ್ನು ಮೊದಲು ನೋಡಬೇಕು. ೨೦೨೪ನೆಯ ಮೇ ೨೧ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನವು ಮ್ಯಾನ್ಮಾರ್ ದೇಶದ ಮೇಲೆ, ೩೭,೦೦೦ ಅಡಿಗಳ ಎತ್ತರದಲ್ಲಿ, ಗಾಳಿಯ ತೀವ್ರ ಕ್ಷೋಭೆಗೆ ಸಿಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಅನೇಕರು ಗಾಯಗೊಂಡರು. ವಿಮಾನವನ್ನು ಬ್ಯಾಂಕಾಕಿಗೆ ತಿರುಗಿಸಿ ಇಳಿಸಲಾಯಿತು. ಆರು ಸಾವಿರ ಅಡಿ ಕುಸಿಯಿತೆಂದು ಮರುದಿನದ ಸುದ್ದಿಗಳು ಸಾರಿದವು. ಯಂತ್ರಗಳ ದಾಖಲೆಯನ್ನು ತೆಗೆದು ನೋಡಿದಾಗ ಕಂಡದ್ದೇ ಬೇರೆ. ಜನರನ್ನು ಚಾವಣಿಗೆ ಎಸೆದ ಆ ಕ್ಷೋಭೆಯ ಗಳಿಗೆಯಲ್ಲಿ, ೪.೬ ಸೆಕೆಂಡುಗಳ ಅವಧಿಯಲ್ಲಿ, ವಿಮಾನವು ಕೆಳಗಿಳಿದುದು ೧೭೮ ಅಡಿ. ಎಂದರೆ ೫೪ ಮೀಟರು. ಆರು ಸಾವಿರ ಅಡಿಗಳೆಂಬುದು ಆಮೇಲೆ ಪೈಲಟ್ಟರು ತಮ್ಮ ಹಿಡಿತದಲ್ಲಿಯೇ ಇಳಿಸಿಕೊಂಡು ಬಂದ ದೂರ.

ಒಂದು ಜೀವ ಹೋದ ಪ್ರಸಂಗವನ್ನು ಹಗುರಾಗಿ ಹೇಳುವಂತಿಲ್ಲ. ಆದರೆ ಅಲ್ಲಿ ಮುರಿದುದು ವಿಮಾನದ ರೆಕ್ಕೆಯಲ್ಲ. ನೆಟ್ಟಗೆ ಹಾರುತ್ತಿದ್ದ ವಿಮಾನದೊಳಗೆ ಸೊಂಟಪಟ್ಟಿ ಕಟ್ಟಿಕೊಳ್ಳದೆ ಇದ್ದವರು ಮೇಲೆ ಹಾರಿ ಕೆಳಗೆ ಬಿದ್ದರು. ಪ್ರಯಾಣಿಕ ವಿಮಾನಗಳ ಅಂಗಾಂಗಗಳು, ಅವುಗಳ ಆಯುಷ್ಯದಲ್ಲಿ ಎದುರಾಗಬಹುದೆಂದು ಲೆಕ್ಕ ಹಾಕಿದ ಅತ್ಯಧಿಕ ಭಾರದ ಒಂದೂವರೆ ಪಟ್ಟನ್ನು ತಾಳುವಂತಿರಬೇಕೆಂಬುದು ನಿಯಮ. ರೆಕ್ಕೆಯ ತುದಿಯು ಕಿಟಕಿಯಾಚೆ ಮೇಲಕ್ಕೂ ಕೆಳಕ್ಕೂ ಬಳುಕುವುದನ್ನು ಕಂಡು ಕಣ್ಣು ಮುಚ್ಚಿಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಬಳುಕಲೆಂದೇ ಅದನ್ನು ಮಾಡಿದ್ದಾರೆ.

ಕಲಬುರಗಿಯ ಗಾಳಿಗೆ ಇನ್ನೊಂದು ಸ್ವಭಾವವಿದೆ. ಇದು ಕರಿಮಣ್ಣಿನ ನಾಡು, ತೊಗರಿಯ ಕಣಜ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಗಳನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೆಳೆ ಕೊಯ್ದ ಬರಿಯ ಕಪ್ಪು ಹೊಲವು ಸೂರ್ಯನ ಶಾಖವನ್ನು ಹೀರಿ ಕಾಯುತ್ತದೆ. ಅದರ ಮೇಲಿನ ಗಾಳಿಯು ಹಗುರವಾಗಿ ಕಂಬದಂತೆ ಮೇಲೇರುತ್ತದೆ. ಪಕ್ಕದಲ್ಲಿಯೇ ಕೆರೆಯೋ ತೋಟವೋ ಇದ್ದರೆ ಅಲ್ಲಿ ಗಾಳಿಯು ತಣ್ಣಗಿದ್ದು, ಕೆಳಗಿಳಿಯುತ್ತಿರುತ್ತದೆ. ಏರುವ ಗಾಳಿಯಿಂದ ಇಳಿಯುವ ಗಾಳಿಗೆ ದಾಟುವಾಗ ವಿಮಾನವು ಕುಲುಕುತ್ತದೆ. ಸಣ್ಣ ವಿಮಾನ ಹೆಚ್ಚು ಕುಲುಕುತ್ತದೆ. ಮಧ್ಯಾಹ್ನದ ಮೂರು ಗಂಟೆಗೆ ಇಳಿದವನಿಗೆ ಇಪ್ಪತ್ತು ಸಲ ಎದೆ ಹಾರಿದ ಊರಿನಲ್ಲಿಯೇ, ಬೆಳಗಿನ ಏಳು ಗಂಟೆಗೆ ಇಳಿದವನು ಕಾಫಿಯ ಬಟ್ಟಲನ್ನು ತುಳುಕಿಸದೆ ಇಳಿದಾನು. ಹೆದರಿದವರು ಮೊದಲ ಸಲ ಮತ್ತೆ ಹೊರಡುವಾಗ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಲೇಸು.

ಈ ಗಾಳಿಯನ್ನು ಕಣ್ಣಿಂದ ನೋಡಬೇಕಾದರೆ ಕಮಲಾಪುರಕ್ಕೆ ಹೋಗಬೇಕು. ಹುಮನಾಬಾದಿನ ರಸ್ತೆಯಲ್ಲಿ ಕಲಬುರಗಿಯಿಂದ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಈಗ ತಾಲ್ಲೂಕಿನ ಕೇಂದ್ರ. ಮಹಾಗಾಂವ್ ದಾಟಿ, ಬೆಣ್ಣೆತೊರೆಯ ಹಿನ್ನೀರಿನ ಮೇಲಿನ ಕುರಿಕೋಟಾ ಸೇತುವೆಯನ್ನು ದಾಟಿದ ಬಳಿಕ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಕಳೆದು ಕೆಂಪು ಹೊರಡುತ್ತದೆ. ಬಯಲು ಮುಗಿದು ಇಳಿಜಾರುಗಳು, ಕಣಿವೆಗಳು ಕಾಣುತ್ತವೆ. ಆ ಕಣಿವೆಯ ಇಳಿಜಾರುಗಳ ತೋಟಗಳಲ್ಲಿ ಬೆಳೆಯುವುದೇ ಕಮಲಾಪುರದ ಕೆಂಪು ಬಾಳೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ, ಬೆಲೆ ಎತ್ತರ. ಸಿರಿವಂತರ ಹಣ್ಣೆಂದು ಜನ ಕರೆದದ್ದು ಅದಕ್ಕಾಗಿ. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕೆ ದೊರೆತಿದೆ. ಸುತ್ತಣ ಬಯಲು ಕಾದ ಹಂಚಾಗಿರುವಾಗಲೂ ಈ ತಗ್ಗಿನ ತೋಟಗಳಲ್ಲಿ ಒಂದಿಷ್ಟು ತಂಪು, ಗಾಳಿಯ ಹೊಡೆತದಿಂದ ಒಂದಿಷ್ಟು ಮರೆ. ಬಾಳೆಗೆ ಬೇಕಾದದ್ದು ಅಷ್ಟೇ. ಸಾಮಾನ್ಯ ಬಾಳೆಗಿಂತ ಇದು ಹೆಚ್ಚು ಕಾಲ ಕಾಯಿಸುತ್ತದೆ. ಬೆಳೆಗಾರನ ತಾಳ್ಮೆಯನ್ನೂ ಗೊಬ್ಬರವನ್ನೂ ಧಾರಾಳವಾಗಿ ತಿನ್ನುತ್ತದೆ.

ಹನ್ನೊಂದು ಗಂಟೆಯ ಬಿಸಿಲಿಗೆ ಆ ಕಣಿವೆಯ ಅಂಚಿನಲ್ಲಿ ನಿಂತರೆ ಹದ್ದುಗಳು ಕಾಣಸಿಗುತ್ತವೆ. ರೆಕ್ಕೆಯನ್ನು ಒಂದು ಸಲವೂ ಬಡಿಯದೆ, ಸುತ್ತಿ ಸುತ್ತಿ, ಚುಕ್ಕೆಯಾಗುವವರೆಗೆ ಏರಿಹೋಗುತ್ತವೆ. ಅವನ್ನು ಎತ್ತುವುದು ಇದೇ ಕಾದ ಗಾಳಿ. ವಿಮಾನದಲ್ಲಿ ಕುಳಿತವನ ಹೊಟ್ಟೆಯನ್ನು ಬಾಯಿಗೆ ತರುವ ಗಾಳಿ. ಹದ್ದಿಗೆ ಅದು ಏಣಿ. ಕಂಬದ ಅಂಚಿಗೆ ಬಂದಾಗ ಹಕ್ಕಿಯೂ ಒಮ್ಮೆ ಓಲಾಡುತ್ತದೆ, ಒಂದು ರೆಕ್ಕೆ ತಗ್ಗುತ್ತದೆ, ಮತ್ತೆ ಸರಿಹೋಗುತ್ತದೆ. ಅರ್ಧ ಗಂಟೆ ಇದನ್ನು ನೋಡುತ್ತ ಕುಳಿತವರಿಗೆ ಆಕಾಶವು ಬರಿಯ ಶೂನ್ಯವೆಂಬ ಭಾವನೆ ಹೋಗಿ, ಅದರಲ್ಲಿಯೂ ಏರುತಗ್ಗುಗಳ ದಾರಿಯಿದೆಯೆಂಬುದು ಮನದಟ್ಟಾಗುತ್ತದೆ. ಇಲ್ಲಿಗೆ ಬರುವಾಗ ಬಸ್ಸು ಎಷ್ಟು ಕಡೆ ಎತ್ತಿಹಾಕಿತೆಂಬುದನ್ನು ಯಾರೂ ಲೆಕ್ಕವಿಟ್ಟಿರುವುದಿಲ್ಲ. ರಸ್ತೆಯ ಕುಣಿ ಕಣ್ಣಿಗೆ ಕಾಣುತ್ತದೆ, ಗಾಳಿಯ ಕುಣಿ ಕಾಣುವುದಿಲ್ಲ. ವ್ಯತ್ಯಾಸವು ಬಹುಪಾಲು ಇಷ್ಟೇ.

ಇಷ್ಟು ತಿಳಿದುಕೊಂಡ ಮಾತ್ರಕ್ಕೆ ಭಯ ಹೋಗುತ್ತದೆಯೇ? ಹೋಗುವುದಿಲ್ಲ. ಇಲ್ಲಿಯೇ ಬುದ್ಧಿವಂತರು ಮೋಸಹೋಗುತ್ತಾರೆ. ಅಂಕಿಅಂಶಗಳನ್ನು ಬಾಯಿಪಾಠ ಮಾಡಿದ ವಿಜ್ಞಾನದ ಮೇಷ್ಟರೂ ವಿಮಾನದ ಬಾಗಿಲು ಮುಚ್ಚಿದೊಡನೆ ಬೆವರುವುದುಂಟು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡ ಮಕ್ಕಳಿಲ್ಲ. ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲಿನ ಬಟ್ಟಲನ್ನು ಕಂಡರೆ ಓಡುತ್ತಿತ್ತು. ರಾಮಕೃಷ್ಣನ ಜಾಣತನಕ್ಕೆ ಎಲ್ಲರೂ ನಗುತ್ತಾರೆ; ಬೆಕ್ಕಿನ ಪಾಡನ್ನು ಯೋಚಿಸಿದವರು ಕಡಮೆ. ಓಡಿದಷ್ಟು ಸಲವೂ ಅದಕ್ಕೆ ಬದುಕಿದೆನೆಂಬ ಸಮಾಧಾನ ಸಿಕ್ಕಿರಬೇಕು, ಆ ಸಮಾಧಾನವೇ ಮರುದಿನ ಮತ್ತಷ್ಟು ವೇಗವಾಗಿ ಓಡಿಸಿರಬೇಕು. ಹಾಲು ಈಗ ತಣ್ಣಗಿದೆಯೆಂದು ತಿಳಿಯುವ ಅವಕಾಶವು ಅದಕ್ಕೆ ಒದಗಲೇ ಇಲ್ಲ. ವಿಮಾನವನ್ನು ಬಿಟ್ಟು ರೈಲು ಹತ್ತಿದಾಗಲೆಲ್ಲ ಮನಸ್ಸಿಗೆ ದೊರೆಯುವ ಹಗುರವೂ ಇಂಥದೇ.

ಈ ಬೆಕ್ಕಿಗೆ ಮದ್ದನ್ನು ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ೧೯೨೪ರಲ್ಲಿಯೇ ಬರೆದಿಟ್ಟರು. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲವನ್ನು ಕಂಡರೆ ಪ್ರಾಣಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿಟ್ಟು, ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಹುಡುಗನು ಮೊಲವನ್ನು ಮುಟ್ಟಿ ಆಡಿದನು. ಇಂದಿಗೂ ಭಯದ ಚಿಕಿತ್ಸೆಯ ತಿರುಳು ಇದೇ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ವರ್ತನ ಚಿಕಿತ್ಸೆಯೆಂದು ಕರೆಯುವುದು ಇದನ್ನು ಒಳಗೊಂಡಿದೆ. ಭಯವು ಬದುಕನ್ನೇ ಕಟ್ಟಿಹಾಕಿದ್ದರೆ ಮನೋವೈದ್ಯರನ್ನು ಕಾಣಲು ನಾಚಬೇಕಾಗಿಲ್ಲ. ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ, ವೈದ್ಯಕೀಯ ಕಾಲೇಜುಗಳು ಕಲಬುರಗಿಯಲ್ಲಿಯೇ ಇವೆ.

ಮಾತ್ರೆ ನುಂಗಿ ಕಣ್ಣು ಮುಚ್ಚಿಕೊಂಡು ಹೋಗಿಬಿಡೋಣವೆಂಬ ಉಪಾಯವನ್ನು ಅನೇಕರು ಹಿಡಿಯುತ್ತಾರೆ. ಅಮೆರಿಕದಲ್ಲಿ ವಿಲ್ಹೆಲ್ಮ್ ಮತ್ತು ರಾತ್ ಎಂಬ ಸಂಶೋಧಕರು ವಿಮಾನಭಯವುಳ್ಳ ೨೮ ಮಂದಿ ಸ್ತ್ರೀಯರನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ವಿಮಾನದಲ್ಲಿ ಕಳುಹಿಸಿ ನೋಡಿದರು. ಫಲಿತಾಂಶವು ೧೯೯೭ರಲ್ಲಿ ಪ್ರಕಟವಾಯಿತು. ಮೊದಲ ಪ್ರಯಾಣದಲ್ಲಿ ಶಮನದ ಮಾತ್ರೆ ತೆಗೆದುಕೊಂಡವರು ಆಗ ಕಡಮೆ ಹೆದರಿದರು. ಮಾತ್ರೆಯಿಲ್ಲದೆ ಹೋದ ಎರಡನೆಯ ಪ್ರಯಾಣದಲ್ಲಿ, ಹುಸಿಮಾತ್ರೆ ತೆಗೆದುಕೊಂಡಿದ್ದವರಿಗಿಂತ ಇವರೇ ಹೆಚ್ಚು ಹೆದರಿದರು. ಧೈರ್ಯದ ಕೀರ್ತಿಯೆಲ್ಲ ಮಾತ್ರೆಗೆ ಹೋಗಿ, ಮನಸ್ಸು ಏನನ್ನೂ ಕಲಿಯದೆ ಉಳಿಯಿತೆಂದು ಇದನ್ನು ತಿಳಿಯಬಹುದು.

ಮೊಲವನ್ನು ಹತ್ತಿರ ತರಲು ಕಲಬುರಗಿಯಷ್ಟು ಅನುಕೂಲವಾದ ಊರು ಕಡಮೆ. ಮೊದಲ ಮೆಟ್ಟಿಲು ಊರೊಳಗೇ ಇದೆ. ಬಹಮನಿ ಸುಲ್ತಾನರ ಕೋಟೆಯೊಳಗಿನ ಜಾಮಿ ಮಸೀದಿಯು ೧೩೬೭ರದು. ಬೇರೆಡೆ ಬಯಲಾಗಿರುವ ಅಂಗಳಕ್ಕೂ ಇಲ್ಲಿ ಮಾಡು ಹೊದಿಸಿದ್ದಾರೆ. ಸಾಲುಸಾಲು ಕಮಾನುಗಳ ಮೇಲೆ ಗುಮ್ಮಟಗಳ ಭಾರವೆಲ್ಲ ಕುಳಿತಿದೆ. ಅದರ ಕೆಳಗೆ ನಿಂತವರಾರೂ ತಲೆಯ ಮೇಲೆ ಕೈಯಿಟ್ಟುಕೊಳ್ಳುವುದಿಲ್ಲ. ಆ ಕಮಾನಿನ ಲೆಕ್ಕವು ನಮಗೇನೂ ತಿಳಿದಿಲ್ಲ, ಆದರೂ ಆರೂವರೆ ಶತಮಾನಗಳ ಅಭ್ಯಾಸದಿಂದ ನಂಬಿದ್ದೇವೆ.

ಎರಡನೆಯ ಮೆಟ್ಟಿಲು ಸೇಡಂ ರಸ್ತೆಯದು. ಮಳಖೇಡಕ್ಕೆ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ, ಹೋಗುವ ದಾರಿಯೂ ಇದೇ. ಈ ಮಾರ್ಗದ ಬಳಿಯ ವಿಮಾನ ನಿಲ್ದಾಣದ ಓಡುದಾರಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದೆ, ಸುತ್ತ ಬಯಲು. ೨೦೨೧ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟದ ತರಬೇತಿ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿಯೂ ಒಂದು, ಬೆಳಗಾವಿಯೂ ಒಂದು. ಕಲಿಯುವವರ ಪುಟ್ಟ ವಿಮಾನಗಳ ಅಭ್ಯಾಸವನ್ನು ನೋಡುವುದು ಹೆದರಿದವರಿಗೆ ಒಳ್ಳೆಯ ಔಷಧ. ಇಳಿಯುತ್ತವೆ, ಚಕ್ರ ನೆಲ ಮುಟ್ಟಿದೊಡನೆ ನಿಲ್ಲದೆ ಮತ್ತೆ ಏರುತ್ತವೆ, ಸುತ್ತು ಹಾಕಿ ಮತ್ತೆ ಇಳಿಯುತ್ತವೆ. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಒಂದೇ ಬೆಳಗಿನಲ್ಲಿ ಹಲವು ಸಲ ಮಾಡಿ ಬೇಸರಪಡುವ ಕೆಲಸಕ್ಕೆ ತಾನು ನಿದ್ದೆಗೆಟ್ಟಿದ್ದೆನಲ್ಲಾ ಎಂದು ಯಾರಿಗಾದರೂ ಅನ್ನಿಸದಿರದು.

ನೆಲದ ಹತ್ತಿರಕ್ಕೆ ಬಂದ ವಿಮಾನವು ಇಳಿಯದೆ ಒಮ್ಮೆಲೆ ಗರ್ಜಿಸಿ ಮೇಲೇರುವುದು ಪ್ರಯಾಣಿಕರನ್ನು ಬಹಳವಾಗಿ ಹೆದರಿಸುವ ಪ್ರಸಂಗ. ಕನ್ನಡನಾಡಿನ ಎರಡು ದೊಡ್ಡ ದುರಂತಗಳನ್ನು ಓದಿದವರು ಇದನ್ನು ಬೇರೆ ರೀತಿಯಾಗಿ ನೋಡುತ್ತಾರೆ. ೧೯೯೦ರ ಫೆಬ್ರವರಿ ೧೪ರಂದು ಬೆಂಗಳೂರಿನ ಹಳೆಯ ನಿಲ್ದಾಣದ ಬಳಿ, ಗಾಲ್ಫ್ ಮೈದಾನದಲ್ಲಿ, ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಬಿದ್ದು ೧೪೬ ಮಂದಿಯಲ್ಲಿ ೯೨ ಮಂದಿ ಸತ್ತರು. ಎಂಜಿನುಗಳು ನಿಷ್ಕ್ರಿಯ ಸ್ಥಿತಿಯಲ್ಲಿದ್ದು ವೇಗವು ಕುಗ್ಗುತ್ತಿದ್ದುದನ್ನು ತಡವಾಗಿ ಗಮನಿಸಿದ್ದರು. ೨೦೧೦ರ ಮೇ ೨೨ರಂದು ಮಂಗಳೂರಿನ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಹೋದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ೧೫೮ ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಇಳಿಯಬೇಡಿ, ಮತ್ತೆ ಮೇಲೇರೋಣವೆಂದು ಸಹಪೈಲಟ್ಟು ಹೇಳಿದ್ದು ಧ್ವನಿಯ ದಾಖಲೆಯಲ್ಲಿ ಸಿಕ್ಕಿತು. ಮೇಲೇರಿದ್ದರೆ ಅಷ್ಟೂ ಜನ ಒಂದಿಷ್ಟು ಹೆದರಿ, ಹತ್ತು ನಿಮಿಷ ತಡವಾಗಿ ಮನೆಗೆ ಹೋಗುತ್ತಿದ್ದರು.

ದುರಂತಗಳೇ ಇಲ್ಲವೆಂದು ಹೆದರಿದವರಿಗೆ ಸುಳ್ಳು ಹೇಳುವುದರಿಂದ ಪ್ರಯೋಜನವಿಲ್ಲ. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ವಿಮಾನದಲ್ಲಿದ್ದ ೨೪೨ ಮಂದಿಯಲ್ಲಿ ಒಬ್ಬರೇ ಬದುಕುಳಿದ ಮೇಲೆ, ಅಳುಕದೆ ಹತ್ತಿದವರು ಎಷ್ಟು ಮಂದಿ? ಆ ವಾರದಲ್ಲಿಯೂ ವಿಮಾನಗಳು ಹಾರಿದವು, ಇಳಿದವು, ಇಳಿದವು ಸುದ್ದಿಯಾಗಲಿಲ್ಲ.

ಮೂರನೆಯ ಮೆಟ್ಟಿಲು ಕಮಲಾಪುರದ ಹದ್ದುಗಳೆಂದಾಯಿತು. ಅಲ್ಲಿಗೆ ಹೋಗಲು ರೈಲೂ ಇದೆ. ೨೦೧೭ರಲ್ಲಿ ತೆರೆದ ಬೀದರ–ಕಲಬುರಗಿ ಮಾರ್ಗವು ಕಮಲಾಪುರದ ಮೇಲೆ ಹಾದು, ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗವನ್ನು ಹೊಗುತ್ತದೆ. ಮುಚ್ಚಿದ ಸ್ಥಳವೇ ತನ್ನ ಭಯದ ಮೂಲವೆಂದು ಶಂಕಿಸುವವರಿಗೆ ಇದೊಂದು ಸುಲಭವಾದ ಪರೀಕ್ಷೆ. ಕತ್ತಲೆಯಲ್ಲಿ ಉಸಿರನ್ನು ನಿಧಾನವಾಗಿ, ಒಳಗೆ ತೆಗೆದುಕೊಂಡದ್ದಕ್ಕಿಂತ ದೀರ್ಘವಾಗಿ, ಹೊರಗೆ ಬಿಡುವುದನ್ನು ಅಲ್ಲಿಯೇ ಅಭ್ಯಾಸ ಮಾಡಿಕೊಳ್ಳಬಹುದು. ಬೆಳಕು ಬೇಗನೆ ಬರುತ್ತದೆ.

ಕೊನೆಯದು ಪ್ರಯಾಣವೇ. ಕಲಬುರಗಿಯ ವಿಮಾನಗಳ ವೇಳಾಪಟ್ಟಿಯು ೨೦೧೯ರಿಂದೀಚೆಗೆ ಅನೇಕ ಸಲ ಬದಲಾಗಿದೆ. ಕೆಲವು ಮಾರ್ಗಗಳು ಬಂದುವು, ಹೋದುವು. ಆದುದರಿಂದ ಹೊರಡುವ ದಿನವನ್ನು ಗೊತ್ತುಮಾಡುವ ಮೊದಲು ವಿಚಾರಿಸಿಕೊಳ್ಳಬೇಕು. ಅನಿವಾರ್ಯವಾದರೆ ಹೈದರಾಬಾದಿನಿಂದ ಏರಬಹುದು. ರೆಕ್ಕೆಗಳ ಬಳಿಯ ಪೀಠವು ಬಾಲದ ಪೀಠಕ್ಕಿಂತ ಕಡಮೆ ಕುಲುಕುತ್ತದೆ. ಸೊಂಟಪಟ್ಟಿಯನ್ನು ದೀಪ ಆರಿದ ಮೇಲೂ ಬಿಚ್ಚಬಾರದು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಕಾಲಡಿಯಿಂದ ಬರುವ ಧಡ್ ಎಂಬ ಸದ್ದು ಚಕ್ರಗಳು ಒಳಸೇರಿದುದು. ಅನಂತರ ಎಂಜಿನಿನ ದನಿ ತಗ್ಗುವುದು ಏರುವ ಶಕ್ತಿಯನ್ನು ಪೈಲಟ್ಟು ಇಳಿಸಿದುದು, ಎಂಜಿನು ಕೆಟ್ಟುದಲ್ಲ. ಇವೆರಡನ್ನು ಮೊದಲೇ ತಿಳಿದು ಕಾದಿದ್ದರೆ ಮೊದಲ ಐದು ನಿಮಿಷಗಳ ಅರ್ಧ ಯಾತನೆ ತಪ್ಪುತ್ತದೆ. ಉಳಿದರ್ಧವನ್ನು ಅನುಭವಿಸಲೇಬೇಕು. ಎದೆಬಡಿತವು ಏರಿ ಒಂದು ಶಿಖರ ಮುಟ್ಟಿ, ಅಲ್ಲಿಯೇ ನಿಲ್ಲಲಾರದೆ ತಾನಾಗಿ ಇಳಿಯುತ್ತದೆ. ಅದು ಇಳಿಯುವವರೆಗೆ ಕುಳಿತಿದ್ದವರಿಗೆ ಎರಡನೆಯ ಪ್ರಯಾಣವು ಮೊದಲಿನದರಷ್ಟು ಉದ್ದವೆನ್ನಿಸುವುದಿಲ್ಲ. ಮೂರನೆಯದರಲ್ಲಿ ಕಿಟಕಿಯ ಪೀಠ ಕೇಳಿದವರೂ ಇದ್ದಾರೆ.

ಕಿಟಕಿಯ ಪೀಠ ಸಿಕ್ಕಿದರೆ, ಮಳೆಗಾಲ ಕಳೆದ ಹೊಸತರಲ್ಲಿ ಕೆಳಗೆ ತೊಗರಿಯ ಹೊಲಗಳು ಹಸುರು ಜಮಖಾನದಂತೆ ಹರಡಿರುತ್ತವೆ. ಕಲ್ಲುಗಣಿಗಳ ಬೂದು ಚೌಕಗಳು, ಸೇಡಮ್ಮಿನ ಕಡೆಗೆ ಸಿಮೆಂಟು ಕಾರ್ಖಾನೆಗಳ ಹೊಗೆಕೊಳವೆಗಳು, ಬೆಣ್ಣೆತೊರೆಯ ಹಿನ್ನೀರು. ಈಶಾನ್ಯಕ್ಕೆ, ನೆಲ ಕೆಂಪಾಗಿ ಮಡಿಕೆಬಿದ್ದಲ್ಲಿ, ಕಮಲಾಪುರ. ಊರಿಗೆ ಹಣ್ಣು ಒಯ್ಯುವವರು ಕೆಂಪು ಬಾಳೆಯನ್ನು ಹಿಂದಿನ ದಿನವೇ ಕೊಂಡಿರಿಸಿಕೊಳ್ಳುವುದು ಒಳ್ಳೆಯದು. ತುಸು ಗಟ್ಟಿಯಾದ ಗೊನೆಯನ್ನು ಆರಿಸಿ, ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲಿಡಬೇಕು.